ಪದ್ಮಾಸನ ಕಲಿಸುವ ತಾಳ್ಮೆ



ಇಷ್ಟಲಿಂಗ ಪೂಜೆಗೆ ಕುಳಿತುಕೊಳ್ಳುವ ಬಗೆಯನ್ನು ಕುರಿತು ಶ್ರೀಮಠಕ್ಕೆ ಬರುವ ಭಕ್ತರು ಮೇಲಿಂದ ಮೇಲೆ ಎರಡು ಪ್ರಶ್ನೆಗಳನ್ನು ಕೇಳುತ್ತಾರೆ. ಹಿರಿಯರು ಕೇಳುವುದು ಹೀಗೆ: “ಮೊಣಕಾಲು ಮಡಚಲು ಬರುವುದಿಲ್ಲ, ಪದ್ಮಾಸನ ಹಾಕಲಾರೆವು, ನಮ್ಮ ಪೂಜೆ ಪೂರ್ಣವಾದೀತೇ?” ತರುಣರ ಪ್ರಶ್ನೆ ಬೇರೆ: “ಪದ್ಮಾಸನ ಎಷ್ಟು ದಿನಕ್ಕೆ ಬರುತ್ತದೆ? ಬೇಗ ಬರುವ ಉಪಾಯವೇನಾದರೂ ಇದೆಯೇ?” ಮೊದಲನೆಯದರಲ್ಲಿ ಅಳುಕಿದೆ, ಎರಡನೆಯದರಲ್ಲಿ ಅವಸರವಿದೆ. ಅಳುಕಿನಿಂದಾಗಿ ಕೆಲವರು ಪೂಜೆಗೆ ಕುಳಿತುಕೊಳ್ಳುವುದನ್ನೇ ಬಿಡುತ್ತಾರೆ. ಅವಸರದಿಂದಾಗಿ ಕೆಲವರು ಚೆನ್ನಾಗಿದ್ದ ಮೊಣಕಾಲಿಗೆ ನೋವು ತಂದುಕೊಳ್ಳುತ್ತಾರೆ. ಎರಡೂ ನಷ್ಟವೇ. ಆಸನವು ಯಾವುದಕ್ಕಾಗಿ ಇದೆ, ಅದರಿಂದ ನಾವು ಕಲಿಯಬೇಕಾದುದು ಏನು ಎಂಬುದನ್ನು ಸರಿಯಾಗಿ ತಿಳಿದುಕೊಂಡರೆ ಈ ಎರಡೂ ನಷ್ಟಗಳನ್ನು ತಪ್ಪಿಸಬಹುದು. ಆ ಉದ್ದೇಶದಿಂದಲೇ ಈ ಲೇಖನ.

ನಾವು ಹೇಳಬಯಸುವ ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಕಠಿಣವಾದ ಆಸನವೊಂದನ್ನು ನಿಷ್ಠೆಯಿಂದ ಅಭ್ಯಾಸ ಮಾಡುವವನಿಗೆ ದೊರೆಯುವ ದೊಡ್ಡ ಫಲವೆಂದರೆ ತಾಳ್ಮೆ. ಆಸನವು ಪೂರ್ತಿಯಾಗಿ ಕೈಗೂಡಿದರೂ ಈ ಫಲ ದೊರೆಯುತ್ತದೆ, ಕೈಗೂಡದಿದ್ದರೂ ದೊರೆಯುತ್ತದೆ. ಆ ತಾಳ್ಮೆಯೇ ಲಿಂಗಪೂಜೆಗೂ ಸಂಸಾರಕ್ಕೂ ಬೇಕಾದ ಬಂಡವಾಳ.

ಶಾಸ್ತ್ರಗಳ ಅಭಿಪ್ರಾಯ

ಯೋಗವೆಂದೊಡನೆ ಇಂದು ಕಣ್ಣ ಮುಂದೆ ಬರುವುದು ಆಸನಗಳ ಚಿತ್ರ. ವಿಶ್ವಸಂಸ್ಥೆಯ ಮಹಾಸಭೆಯು 2014ರ ಡಿಸೆಂಬರ್ 11ರಂದು ನಿರ್ಣಯ ಕೈಗೊಂಡ ಮೇಲೆ, 2015ರಿಂದ ಪ್ರತಿ ವರ್ಷ ಜೂನ್ 21ರಂದು ಜಗತ್ತಿನಾದ್ಯಂತ ಯೋಗದಿನ ನಡೆಯುತ್ತಿದೆ. ಶಾಲೆಯ ಮೈದಾನಗಳಲ್ಲಿ ಮಕ್ಕಳು ಸಾಲಾಗಿ ಕುಳಿತು ಆಸನ ಮಾಡುವುದನ್ನು ಕಾಣುವುದು ಸಂತೋಷದ ಸಂಗತಿ. ಆದರೆ ಒಂದು ದಿನದ ಆಚರಣೆಯಲ್ಲಿ ಕಾಣುವುದು ಆಸನದ ಹೊರರೂಪ ಮಾತ್ರ. ಅದರ ಒಳತಿರುಳು ಉಳಿದ ಮುನ್ನೂರರವತ್ತನಾಲ್ಕು ದಿನಗಳಲ್ಲಿದೆ.

ಪತಂಜಲಿ ಮಹರ್ಷಿಗಳ ಯೋಗಸೂತ್ರಗಳಲ್ಲಿ ಆಸನದ ಸ್ವರೂಪವನ್ನು ವಿವರಿಸುವ ಸೂತ್ರಗಳು ಮೂರೇ ಮೂರು. ಅವುಗಳ ತಾತ್ಪರ್ಯವನ್ನು ಹೀಗೆ ಸಂಗ್ರಹಿಸಬಹುದು: ಕುಳಿತ ನಿಲುವು ಅಲುಗಾಡಬಾರದು ಮತ್ತು ಹಿತವಾಗಿರಬೇಕು, ಬಲವಂತದ ಪ್ರಯತ್ನವನ್ನು ಸಡಿಲಿಸಿ ಮನಸ್ಸನ್ನು ಅನಂತದಲ್ಲಿ ನಿಲ್ಲಿಸಿದಾಗ ಅದು ಸಿದ್ಧಿಸುತ್ತದೆ, ಸಿದ್ಧಿಸಿದ ಮೇಲೆ ಶೀತೋಷ್ಣಾದಿ ದ್ವಂದ್ವಗಳು ಸಾಧಕನನ್ನು ಬಾಧಿಸುವುದಿಲ್ಲ. ಎಷ್ಟು ಬಗೆಯ ಆಸನ, ಯಾರು ಹೆಚ್ಚು ಬಾಗಬಲ್ಲರು ಎಂಬ ಮಾತೇ ಅಲ್ಲಿಲ್ಲ. ಅಭ್ಯಾಸವು ಗಟ್ಟಿಯಾಗಲು ಮೂರು ಷರತ್ತುಗಳನ್ನೂ ಅದೇ ಗ್ರಂಥ ಹೇಳುತ್ತದೆ. ಅಭ್ಯಾಸ ದೀರ್ಘಕಾಲ ನಡೆಯಬೇಕು, ನಡುವೆ ಕಡಿಯಬಾರದು, ಆದರದಿಂದ ಕೂಡಿರಬೇಕು. ಮೊದಲ ಎರಡು ಷರತ್ತುಗಳು ತಾಳ್ಮೆಯ ಇನ್ನೊಂದು ಹೆಸರು. ಮೂರನೆಯದು ಆ ತಾಳ್ಮೆ ಬೇಸರಕ್ಕೆ ತಿರುಗದಂತೆ ಕಾಯುವ ಗುಣ.

15ನೆಯ ಶತಮಾನದ ಸ್ವಾತ್ಮಾರಾಮ ಯೋಗಿಯ ಹಠಯೋಗ ಪ್ರದೀಪಿಕೆಯು ಹದಿನೈದು ಆಸನಗಳನ್ನು ವಿವರಿಸಿ, ಸಿದ್ಧಾಸನ, ಪದ್ಮಾಸನ, ಸಿಂಹಾಸನ ಮತ್ತು ಭದ್ರಾಸನ ಎಂಬ ನಾಲ್ಕನ್ನು ಮುಖ್ಯವೆಂದು ಎಣಿಸುತ್ತದೆ. ಅದೇ ಗ್ರಂಥ ಯೋಗವನ್ನು ಕೆಡಿಸುವ ಆರು ಸಂಗತಿಗಳನ್ನು ಪಟ್ಟಿಮಾಡುವಾಗ ಅತಿಯಾದ ಊಟ, ಅತಿಯಾದ ಮಾತುಗಳ ಜೊತೆಯಲ್ಲಿಯೇ ಅತಿಯಾದ ಪ್ರಯಾಸವನ್ನೂ ಸೇರಿಸಿದೆ. ಯೋಗವನ್ನು ಬೆಳೆಸುವ ಆರು ಗುಣಗಳಲ್ಲಿ ಉತ್ಸಾಹದೊಡನೆ ಧೈರ್ಯವನ್ನೂ ಹೇಳಿದೆ. ಇಲ್ಲಿ ಧೈರ್ಯವೆಂದರೆ ಕದಲದೆ ನಿಲ್ಲುವ ಸ್ಥೈರ್ಯ. ಹಠಯೋಗದ ಗ್ರಂಥವೇ ಹಠವನ್ನು ಬೇಡವೆನ್ನುತ್ತಿರುವುದನ್ನು ನಾವು ಗಮನಿಸಬೇಕು.

ನಮ್ಮ ಪರಂಪರೆಯೂ ಆಸನವನ್ನು ಕಡೆಗಣಿಸಿಲ್ಲ. ಚೆನ್ನಸದಾಶಿವಯೋಗಿಗಳ ಶಿವಯೋಗ ಪ್ರದೀಪಿಕೆಯಲ್ಲಿ ಯೋಗದ ಅಂಗಗಳ ವಿವರಣೆಯಿದೆ. ಅದಕ್ಕೆ ನಿಜಗುಣ ಶಿವಯೋಗಿಗಳು ಪರಮಾರ್ಥ ಪ್ರಕಾಶಿಕೆ ಎಂಬ ಕನ್ನಡ ಟೀಕೆಯನ್ನು ಬರೆದು ಸಾಮಾನ್ಯರಿಗೂ ತಿಳಿಯುವಂತೆ ಮಾಡಿದರು. ನಮ್ಮ ಜಿಲ್ಲೆಯ ಹಾನಗಲ್ಲ ವಿರಕ್ತಮಠದ ಕುಮಾರ ಶಿವಯೋಗಿಗಳು 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಡದಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿದರು. ಅಲ್ಲಿ ಸಾಧಕರಿಗೆ ಶಾಸ್ತ್ರಪಾಠದೊಡನೆ ಯೋಗಾಭ್ಯಾಸವನ್ನೂ ಲಿಂಗಪೂಜೆಯನ್ನೂ ದಿನಚರಿಯಾಗಿ ಕಲಿಸಲಾಯಿತು. ಒಂದೆರಡು ದಿನಗಳ ಶಿಬಿರವಾಗಿರದೆ ವರ್ಷಗಟ್ಟಲೆಯ ಶಿಕ್ಷಣವಾಗಿದ್ದುದೇ ಅದರ ಸತ್ವ. ಚಿತ್ರದುರ್ಗ ಜಿಲ್ಲೆಯ ಮಲ್ಲಾಡಿಹಳ್ಳಿಯಲ್ಲಿ ಅನಾಥಸೇವಾಶ್ರಮ ಕಟ್ಟಿ, ‘ತಿರುಕ’ ಎಂಬ ಹೆಸರಿನಿಂದ ಬರೆಯುತ್ತಿದ್ದ ರಾಘವೇಂದ್ರ ಸ್ವಾಮೀಜಿಯವರು ಊರೂರಿಗೆ ಯೋಗವನ್ನು ಕೊಂಡೊಯ್ದರು. ಆಸನವು ಅರಮನೆಯವರಿಗೋ ಗುಹೆಯಲ್ಲಿರುವವರಿಗೋ ಮೀಸಲಲ್ಲ, ದುಡಿಯುವ ಜನರಿಗೂ ಸಲ್ಲುವ ವಿದ್ಯೆ ಎಂಬುದನ್ನು ಈ ಹಿರಿಯರು ತೋರಿಸಿಕೊಟ್ಟರು.

ಪದ್ಮಾಸನ ಏಕೆ ಕಠಿಣ?

ನೋಡಲು ಪದ್ಮಾಸನ ಸುಲಭ. ಬಲಪಾದವನ್ನು ಎಡತೊಡೆಯ ಮೇಲೆ, ಎಡಪಾದವನ್ನು ಬಲತೊಡೆಯ ಮೇಲೆ ಇಟ್ಟು ಬೆನ್ನು ನೇರ ಮಾಡಿದರೆ ಆಯಿತು. ಮಾಡಹೊರಟಾಗ ಮಾತ್ರ ಕಷ್ಟ ತಿಳಿಯುತ್ತದೆ. ಇದಕ್ಕೆ ಕಾರಣ ನಮ್ಮ ದೇಹದ ರಚನೆಯಲ್ಲಿದೆ.

ತೊಡೆಯು ಸೊಂಟಕ್ಕೆ ಕೂಡುವ ಕೀಲು ಬಟ್ಟಲಿನಲ್ಲಿಟ್ಟ ಚೆಂಡಿನಂತೆ ಇದೆ. ಎಲ್ಲ ಕಡೆಗೂ ತಿರುಗುತ್ತದೆ. ಮೊಣಕಾಲಿನ ಕೀಲು ಬಾಗಿಲಿನ ತಿರುಗಣಿಯಂತಹದು. ಮಡಚುತ್ತದೆ, ಚಾಚುತ್ತದೆ, ಪಕ್ಕಕ್ಕೆ ತಿರುಚುವುದು ಅತ್ಯಲ್ಪ. ಪದ್ಮಾಸನದಲ್ಲಿ ಕಾಲು ಹೊರಮುಖವಾಗಿ ತಿರುಗಬೇಕಾದುದು ಸೊಂಟದ ಕೀಲಿನಲ್ಲಿ. ಆ ಕೀಲು ಬಿಗಿಯಾಗಿದ್ದಾಗ ನಾವು ಪಾದವನ್ನು ಹಿಡಿದು ಎಳೆದರೆ, ಅಲ್ಲಿ ಆಗಬೇಕಾದ ತಿರುವು ಮೊಣಕಾಲಿನ ಮೇಲೆ ಬೀಳುತ್ತದೆ. ಮೊಣಕಾಲಿನ ಒಳಗೆ ಎರಡು ಎಲುಬುಗಳ ನಡುವೆ ಮೆತ್ತೆಯಂತಿರುವ ಮೃದ್ವಸ್ಥಿಯೂ ಪಕ್ಕದ ಅಸ್ಥಿರಜ್ಜುಗಳೂ ಆಗ ನಲುಗುತ್ತವೆ. ಬಾಗಿಲು ತೆರೆಯದಿದ್ದಾಗ ಚಿಲಕ ನೋಡದೆ ಹಲಗೆಯನ್ನೇ ಎಳೆದು ಮುರಿದಂತೆ ಇದು.

ಹಿಂದಿನವರಿಗೆ ಈ ಆಸನ ಇಷ್ಟು ದೂರದ್ದಾಗಿರಲಿಲ್ಲ. ಉಣ್ಣುವುದು, ಕಾಳು ಹಸನು ಮಾಡುವುದು, ಕಣದಲ್ಲಿ ಮೆಣಸಿನಕಾಯಿ ಆರಿಸುವುದು, ಭಜನೆ, ಪುರಾಣ, ಎಲ್ಲವೂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತೇ ನಡೆಯುತ್ತಿದ್ದವು. ದೇಹಕ್ಕೆ ನೆಲದ ಪರಿಚಯವಿತ್ತು. ಇಂದು ಶಾಲೆಯಲ್ಲಿ ಬೆಂಚು, ಕಚೇರಿಯಲ್ಲಿ ಕುರ್ಚಿ, ಮನೆಯಲ್ಲಿ ಸೋಫಾ, ಓಡಾಟಕ್ಕೆ ಬೈಕು. ಮದುವೆಯ ಊಟದ ಪಂಕ್ತಿಯೂ ಮೇಜಿಗೆ ಏರಿದೆ. ಹತ್ತು ಹದಿನೈದು ವರ್ಷ ಹೀಗೆ ಕಳೆದ ಕೀಲು ಹದಿನೈದು ದಿನಗಳಲ್ಲಿ ತೆರೆದುಕೊಳ್ಳಬೇಕೆಂದು ಬಯಸುವುದು ನ್ಯಾಯವಲ್ಲ. ಸ್ನಾಯುಗಳು ತಕ್ಕಮಟ್ಟಿಗೆ ಬೇಗ ಒಗ್ಗುತ್ತವೆ. ರಕ್ತಸಂಚಾರ ಕಡಿಮೆಯಿರುವ ಅಸ್ಥಿರಜ್ಜು ಮತ್ತು ಮೃದ್ವಸ್ಥಿಗಳು ಒಗ್ಗುವುದೂ ನಿಧಾನ, ಪೆಟ್ಟಾದರೆ ಮಾಯುವುದೂ ನಿಧಾನ. ಜೊತೆಗೆ ಸೊಂಟದ ಕೀಲಿನ ಎಲುಬಿನ ಆಕಾರವೇ ಒಬ್ಬರಿಂದ ಒಬ್ಬರಿಗೆ ಬೇರೆಯಾಗಿರುತ್ತದೆ. ಆದುದರಿಂದ ಕೆಲವರಿಗೆ ಪದ್ಮಾಸನ ಬೇಗ ಒಲಿಯುತ್ತದೆ, ಕೆಲವರಿಗೆ ತಡವಾಗಿ, ಕೆಲವರಿಗೆ ಎಷ್ಟು ವರ್ಷ ಮಾಡಿದರೂ ಪೂರ್ತಿ ಬರುವುದಿಲ್ಲ. ಇದರಲ್ಲಿ ಭಕ್ತಿಯ ಹೆಚ್ಚು ಕಡಿಮೆಯ ಮಾತೇ ಇಲ್ಲ.

ಅವಸರಕ್ಕೆ ತೆತ್ತ ಬೆಲೆ

ಕಠಿಣ ಆಸನ ಮತ್ತು ತಾಳ್ಮೆಯ ಸಂಬಂಧವನ್ನು ತಿಳಿಯಲು ಕನ್ನಡ ನಾಡಿನವರೇ ಆದ ಬಿ.ಕೆ.ಎಸ್. ಅಯ್ಯಂಗಾರರ ಬದುಕಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರ ಡಿಸೆಂಬರ್ 14ರಂದು ಹುಟ್ಟಿದ ಅವರು ಬಾಲ್ಯದಲ್ಲಿ ಮಲೇರಿಯಾ, ಕ್ಷಯ, ವಿಷಮಶೀತಜ್ವರಗಳಿಂದ ಬಳಲಿದವರು. 1934ರಲ್ಲಿ ಮೈಸೂರಿಗೆ ಬಂದು ತಮ್ಮ ಅಕ್ಕನ ಪತಿ ತಿರುಮಲೈ ಕೃಷ್ಣಮಾಚಾರ್ಯರ ಬಳಿ ಸೇರಿದರು. ಕೃಷ್ಣಮಾಚಾರ್ಯರು ಚಿತ್ರದುರ್ಗ ಜಿಲ್ಲೆಯ ಮೂಲದವರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದರು. ಆಗ ಹುಡುಗ ಅಯ್ಯಂಗಾರರ ದೇಹ ಎಷ್ಟು ಬಿಗಿಯಾಗಿತ್ತೆಂದರೆ, ಮುಂದೆ ಬಾಗಿದರೆ ಬೆರಳುಗಳು ಮೊಣಕಾಲಿನಿಂದ ಕೆಳಗೆ ಇಳಿಯುತ್ತಿರಲಿಲ್ಲ.

ಆ ದಿನಗಳಲ್ಲಿ ಒಮ್ಮೆ ಗಣ್ಯರೊಬ್ಬರ ಮುಂದೆ ಹನುಮಾನಾಸನವನ್ನು ಪ್ರದರ್ಶಿಸಬೇಕಾಯಿತು. ಒಂದು ಕಾಲನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ನೇರ ಚಾಚಿ ನೆಲಕ್ಕೆ ಕೂಡುವ ಕಠಿಣ ಆಸನವದು. ಅದರ ಅಭ್ಯಾಸವೇ ಇಲ್ಲದ ಹುಡುಗ ಗುರುವಿನ ಮಾತನ್ನು ಮೀರಲಾರದೆ ಮಾಡಿ ತೋರಿಸಿದ. ತೊಡೆಯ ಹಿಂಭಾಗದ ಸ್ನಾಯು ಹರಿಯಿತು. ಬಹುಕಾಲ ಸರಿಯಾಗಿ ನಡೆಯುವುದೂ ಕಷ್ಟವಾಯಿತು. ಒಂದು ಕ್ಷಣದ ಪ್ರದರ್ಶನಕ್ಕೆ ದೇಹ ತೆತ್ತ ಬೆಲೆ ಅದು.

ಮುಂದಿನ ಕಥೆ ನಮಗೆ ಹೆಚ್ಚು ಮುಖ್ಯ. 1937ರಲ್ಲಿ ಪುಣೆಗೆ ಹೋದ ಅಯ್ಯಂಗಾರರು ವರ್ಷಗಟ್ಟಲೆ ಒಂಟಿಯಾಗಿ ಅಭ್ಯಾಸ ಮಾಡಿ, ಆಸನವೊಂದನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು ಕಲಿಸುವ ವಿಧಾನವನ್ನು ರೂಪಿಸಿದರು. ಮರದ ಇಟ್ಟಿಗೆ, ಹಗ್ಗ, ಮಡಚಿದ ಕಂಬಳಿ, ದಿಂಬು, ಕುರ್ಚಿ ಮುಂತಾದ ಆಸರೆಗಳನ್ನು ಯೋಗಶಾಲೆಗೆ ತಂದರು. ಬಿಗಿಯಾದ ದೇಹದವರೂ ವಯಸ್ಸಾದವರೂ ರೋಗಿಗಳೂ ತಮ್ಮ ಮಿತಿಯೊಳಗೆ ಆಸನದ ಫಲ ಪಡೆಯುವಂತಾಯಿತು. 1966ರಲ್ಲಿ ಪ್ರಕಟವಾದ ಅವರ ‘ಲೈಟ್ ಆನ್ ಯೋಗ’ ಗ್ರಂಥ ಲೋಕಪ್ರಸಿದ್ಧವಾಯಿತು. 2014ರಲ್ಲಿ ಲಿಂಗೈಕ್ಯ, ದೈವಾಧೀನ ಎಂಬ ಮಾತುಗಳಾಚೆಗೆ ಎಲ್ಲ ಮತದವರೂ ಒಂದಾಗಿ ಸ್ಮರಿಸುವ ಹಿರಿಯರಾಗಿ ಅವರು ತೀರಿಕೊಂಡರು. ತಾನು ಉಂಡ ನೋವನ್ನು ಇನ್ನೊಬ್ಬರು ಉಣ್ಣದಂತೆ ದಾರಿ ಮಾಡುವುದು ತಾಳ್ಮೆಯ ಪರಿಪಕ್ವ ರೂಪ.

ಮೆಟ್ಟಿಲು ಮೆಟ್ಟಿಲಾಗಿ

ಪದ್ಮಾಸನವನ್ನು ಕಲಿಯಬಯಸುವವರು ಅನುಸರಿಸಬಹುದಾದ ಕ್ರಮ ಹೀಗಿದೆ. ತಿಳಿದವರ ಮುಂದೆ ಕಲಿಯುವುದು ಉತ್ತಮ. ಮೊಣಕಾಲಿನ ಶಸ್ತ್ರಚಿಕಿತ್ಸೆ ಆದವರು, ಊತವಿರುವವರು, ಸಂಧಿವಾತದವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಆರಂಭಿಸಬಾರದು.

ಮೊದಲನೆಯದು ಸುಖಾಸನ. ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಅದರ ಅಂಚಿನ ಮೇಲೆ ಕುಳಿತು ಕಾಲುಗಳನ್ನು ಸಹಜವಾಗಿ ಮಡಚಬೇಕು. ಕುಳಿತ ಜಾಗ ಮೊಣಕಾಲಿಗಿಂತ ತುಸು ಎತ್ತರವಿದ್ದರೆ ಬೆನ್ನು ತಾನಾಗಿ ನೇರವಾಗುತ್ತದೆ. ಐದು ನಿಮಿಷದಿಂದ ಆರಂಭಿಸಿ, ಹದಿನೈದು ನಿಮಿಷ ಅಲುಗದೆ ಕುಳಿತುಕೊಳ್ಳುವವರೆಗೆ ಇದನ್ನೇ ಮಾಡಬೇಕು.

ಎರಡನೆಯದು ಸೊಂಟದ ಕೀಲನ್ನು ಸಡಿಲಿಸುವುದು. ಎರಡೂ ಅಂಗಾಲುಗಳನ್ನು ಜೋಡಿಸಿ ಮೊಣಕಾಲುಗಳನ್ನು ಎರಡು ಪಕ್ಕಕ್ಕೆ ಬಿಡುವ ಬದ್ಧಕೋನಾಸನ ಇದಕ್ಕೆ ಹೇಳಿಸಿದ್ದು. ಮೊಣಕಾಲನ್ನು ಕೈಯಿಂದ ಒತ್ತಬಾರದು; ಅದರ ಭಾರಕ್ಕೆ ಅದು ಇಳಿಯಲಿ. ಪಕ್ಕಗಳಲ್ಲಿ ದಿಂಬು ಇಟ್ಟುಕೊಂಡರೆ ಇನ್ನೂ ಹಿತ. ಒಂದು ಕಾಲು ಚಾಚಿ, ಇನ್ನೊಂದನ್ನು ಮಡಚಿ ಮುಂದೆ ಬಾಗುವ ಜಾನುಶೀರ್ಷಾಸನವೂ ಸಹಾಯಕ.

ಮೂರನೆಯದು ಅರ್ಧ ಪದ್ಮಾಸನ. ಒಂದು ಪಾದವನ್ನು ಮಾತ್ರ ಎದುರಿನ ತೊಡೆಯ ಮೇಲೆ, ತೊಡೆಸಂದಿಯ ಹತ್ತಿರಕ್ಕೆ ಇಡಬೇಕು, ಇನ್ನೊಂದು ಕೆಳಗಿರಲಿ. ಪಾದವನ್ನು ಎತ್ತುವಾಗ ಬೆರಳುಗಳನ್ನು ಹಿಡಿದು ಎಳೆಯದೆ, ಮೊಣಕಾಲು ಪೂರ್ತಿ ಮಡಚಿಕೊಂಡು ಇಡೀ ಕಾಲನ್ನು ತೊಡೆಯ ಬುಡದಿಂದ ಹೊರಮುಖವಾಗಿ ತಿರುಗಿಸಬೇಕು. ಒಂದು ದಿನ ಬಲಗಾಲು ಮೇಲಾದರೆ ಮರುದಿನ ಎಡಗಾಲು. ಒಂದೇ ಕಡೆ ಅಭ್ಯಾಸವಾದರೆ ದೇಹ ಓರೆಯಾಗುತ್ತದೆ.

ಅರ್ಧ ಪದ್ಮಾಸನದಲ್ಲಿ ಮೊಣಕಾಲು ನೋವಿಲ್ಲದೆ ನೆಲದ ಕಡೆಗೆ ಇಳಿದ ಮೇಲೆಯೇ ಎರಡನೆಯ ಪಾದವನ್ನು ಎತ್ತಬೇಕು. ಮೊದಲು ಅರ್ಧ ನಿಮಿಷ, ಆಮೇಲೆ ಒಂದು ನಿಮಿಷ, ಹೀಗೆ ದಿನಗಳೊಂದಿಗೆ ಸಮಯ ಬೆಳೆಯಲಿ. ಬಿಡಿಸುವಾಗಲೂ ಅವಸರ ಬೇಡ. ಕಾಲು ಚಾಚಿ ಒಂದು ಗಳಿಗೆ ವಿಶ್ರಾಂತಿ ಕೊಡಬೇಕು.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ತೊಡೆಯಲ್ಲಿ ಎಳೆತ, ಕುಳಿತಲ್ಲಿ ಜೋಮು, ಮನಸ್ಸಿನಲ್ಲಿ ಬೇಸರ, ಇವು ಅಭ್ಯಾಸದ ಕಷ್ಟಗಳು. ಇವುಗಳನ್ನು ತುಸು ಸಹಿಸಬಹುದು. ಮೊಣಕಾಲಿನ ಒಳಗೆ ಚುಚ್ಚಿದಂತಹ ನೋವು ಬಂದರೆ ಅದು ದೇಹದ ಕೂಗು. ಆ ಕ್ಷಣವೇ ಬಿಡಿಸಬೇಕು. ನೋವನ್ನು ನುಂಗಿಕೊಂಡು ಕುಳಿತವನನ್ನು ತಾಳ್ಮೆಯುಳ್ಳವನೆಂದು ಹೊಗಳಬಾರದು. ಅವನು ದೇಹದ ಮಾತನ್ನು ಕೇಳಿಸಿಕೊಳ್ಳುತ್ತಿಲ್ಲ, ಅಷ್ಟೆ.

ತಾಳ್ಮೆ ಹುಟ್ಟುವ ಬಗೆ

ಕನ್ನಡದ ‘ತಾಳು’ ಎಂಬ ಧಾತುವಿನಲ್ಲಿ ಸಹಿಸು ಎಂಬ ಅರ್ಥದೊಡನೆ ಧರಿಸು, ಬಾಳಿಕೆ ಬರು ಎಂಬ ಅರ್ಥಗಳೂ ಇವೆ. ರೂಪ ತಾಳಿತು ಎನ್ನುತ್ತೇವೆ, ಈ ಬಟ್ಟೆ ಬಹಳ ದಿನ ತಾಳುತ್ತದೆ ಎನ್ನುತ್ತೇವೆ. ತಾಳಿದವನು ಬಾಳಿಯಾನು ಎಂಬ ಗಾದೆ ಇವೆರಡನ್ನೂ ಬೆಸೆಯುತ್ತದೆ. ಹಾಗಾದರೆ ತಾಳ್ಮೆ ಎಂದರೆ ಹಲ್ಲು ಕಚ್ಚಿ ಕಾಯುವುದಷ್ಟೇ ಆಗದೆ, ಒಂದು ಕಾರ್ಯವನ್ನು ಧರಿಸಿ ಅದು ಮುಗಿಯುವವರೆಗೆ ಬಾಳಿಕೆ ಬರುವುದು ಎಂದಾಗುತ್ತದೆ.

ಈ ಗುಣವನ್ನು ಉಪದೇಶದಿಂದ ಕಲಿಯುವುದು ಕಷ್ಟ. ತಾಳ್ಮೆಯಿಂದಿರು ಎಂದು ಮಗುವಿಗೆ ನೂರು ಸಲ ಹೇಳಿದರೂ ಅದು ಮಾತಾಗಿಯೇ ಉಳಿಯುತ್ತದೆ. ಆಸನದ ಮುಂದೆ ಮಾತು ನಡೆಯುವುದಿಲ್ಲ. ಮನುಷ್ಯರನ್ನು ಮಾತಿನಿಂದ ಒಲಿಸಬಹುದು, ಹಣದಿಂದ ಕೆಲಸ ಬೇಗ ಮಾಡಿಸಿಕೊಳ್ಳಬಹುದು, ಪರಿಚಯದಿಂದ ಸರತಿಯಲ್ಲಿ ಮುಂದೆ ಹೋಗಬಹುದು. ಸೊಂಟದ ಕೀಲಿಗೆ ಇವುಗಳಲ್ಲಿ ಯಾವುದೂ ತಿಳಿಯದು. ಊರಿನ ಗೌಡರಾಗಲಿ ಕೂಲಿಯವರಾಗಲಿ, ಅದು ಎಲ್ಲರಿಂದಲೂ ಒಂದೇ ಕಾಣಿಕೆಯನ್ನು ಕೇಳುತ್ತದೆ: ಪ್ರತಿದಿನ ಸ್ವಲ್ಪ ಹೊತ್ತು.

ಅಭ್ಯಾಸಿಯು ಮೊದಲ ವಾರಗಳಲ್ಲಿ ಉತ್ಸಾಹದಿಂದಿರುತ್ತಾನೆ. ಆಮೇಲೆ ಏನೂ ಬದಲಾಗದಂತೆ ತೋರುವ ದಿನಗಳು ಬರುತ್ತವೆ. ನಿನ್ನೆ ಬಂದದ್ದು ಇಂದು ಬರುವುದಿಲ್ಲ. ಚಳಿಗಾಲದ ಬೆಳಗಿನಲ್ಲಿ ದೇಹ ಬಿಗಿದಿರುತ್ತದೆ. ಹೊಲದಲ್ಲಿ ದಿನವಿಡೀ ದುಡಿದ ಸಂಜೆ ಕಾಲು ಭಾರವಾಗಿರುತ್ತದೆ. ಪಕ್ಕದಲ್ಲಿ ಕುಳಿತ ಹತ್ತು ವರ್ಷದ ಮೊಮ್ಮಗ ನಗುನಗುತ್ತ ಪದ್ಮಾಸನ ಹಾಕಿರುತ್ತಾನೆ. ಬಿಟ್ಟುಬಿಡೋಣವೆಂಬ ಯೋಚನೆ ಬರುವುದು ಆಗಲೇ. ಆ ದಿನವೂ ಕಂಬಳಿ ಹಾಸಿ ತನಗೆ ಬಂದಷ್ಟರಲ್ಲಿ ಕುಳಿತವನಿಗೆ ತಾಳ್ಮೆಯ ಮೊದಲ ಪಾಠ ದೊರೆಯಿತೆಂದೇ ತಿಳಿಯಬೇಕು. ಫಲ ಕಾಣದ ದಿನವೂ ಕೆಲಸ ನಿಲ್ಲಲಿಲ್ಲವಲ್ಲ!

ಎರಡನೆಯ ಪಾಠ, ಕುಳಿತಾಗ ಮನಸ್ಸು ಎಬ್ಬಿಸುವ ಗಡಿಬಿಡಿಯನ್ನು ಕಾಣುವುದು. ಕಾಲು ತುಸು ಎಳೆದರೂ ಏಳಬೇಕೆನ್ನುತ್ತದೆ ಮನಸ್ಸು. ನಾಲ್ಕು ದೀರ್ಘವಾದ ಉಸಿರು ಬಿಟ್ಟರೆ ಆ ತವಕ ಇಳಿಯುತ್ತದೆ. ತವಕ ಏಳುತ್ತದೆ, ಇರುತ್ತದೆ, ಹೋಗುತ್ತದೆ ಎಂಬುದನ್ನು ದಿನವೂ ಕಂಡವನು, ಮನೆಯಲ್ಲಿ ಸಿಟ್ಟು ಬಂದಾಗಲೂ ನಾಲ್ಕು ಉಸಿರು ಕಾಯಲು ಕಲಿಯುತ್ತಾನೆ. ಮೂರನೆಯ ಪಾಠ, ಹೋಲಿಕೆಯನ್ನು ಬಿಡುವುದು. ತನ್ನ ದೇಹ ತನ್ನದು, ಅದರ ಗತಿ ಅದರದು ಎಂದು ಒಪ್ಪಿಕೊಂಡವನು ಮಕ್ಕಳ ಅಂಕಗಳನ್ನು ನೆರೆಮನೆಯವರ ಮಕ್ಕಳ ಅಂಕಗಳೊಡನೆ ತೂಗುವುದನ್ನೂ ಕ್ರಮೇಣ ಬಿಡುತ್ತಾನೆ.

ಅಂಗೈಯ ಲಿಂಗ, ಅಲುಗದ ನೋಟ

ಈಗ ಪೂಜೆಯ ವಿಷಯಕ್ಕೆ ಬರೋಣ. ಗುರುವಿನಿಂದ ದೀಕ್ಷೆಯಲ್ಲಿ ಪಡೆದ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು, ವಿಭೂತಿ, ಪತ್ರೆ, ಪುಷ್ಪಗಳಿಂದ ಅರ್ಚಿಸಿ, ಬಳಿಕ ರೆಪ್ಪೆ ಮಿಟುಕಿಸದ ನೋಟವನ್ನು ಅದರಲ್ಲಿ ನೆಲೆಗೊಳಿಸುವುದು ನಮ್ಮ ಪೂಜೆಯ ಹೃದಯ. ಮಾಡಿ ನೋಡಿದವರಿಗೆ ಗೊತ್ತು: ಕೆಲವೇ ನಿಮಿಷಗಳಲ್ಲಿ ತೋಳು ಸೋಲುತ್ತದೆ, ಬೆನ್ನು ಬಾಗುತ್ತದೆ, ಕಣ್ಣು ಒದ್ದೆಯಾಗುತ್ತದೆ, ಮನಸ್ಸು ಅಂಗಡಿಗೋ ಹೊಲಕ್ಕೋ ಓಡುತ್ತದೆ. ಕೆಳಗಿನ ನೆಲೆ ಗಟ್ಟಿಯಾಗಿದ್ದರೆ ಮೇಲಿನದು ಅಲುಗುವುದಿಲ್ಲ. ಪದ್ಮಾಸನದಲ್ಲಿ ಎರಡೂ ತೊಡೆಗಳು ನೆಲಕ್ಕೆ ಕೂಡಿ ಅಗಲವಾದ ಪೀಠವಾಗುವುದರಿಂದ ಬೆನ್ನು ಶ್ರಮವಿಲ್ಲದೆ ನಿಲ್ಲುತ್ತದೆ. ಬೆನ್ನು ನಿಂತರೆ ಅಂಗೈ ನಿಲ್ಲುತ್ತದೆ, ಅಂಗೈ ನಿಂತರೆ ನೋಟ ನಿಲ್ಲುತ್ತದೆ. ಆಸನಕ್ಕೆ ಪೂಜೆಯಲ್ಲಿರುವ ಸ್ಥಾನ ಇಷ್ಟು. ಅದು ಪೀಠ, ಪೀಠಕ್ಕೆ ಪೂಜೆಯಲ್ಲ, ಪೀಠದ ಮೇಲಿರುವ ಲಿಂಗಕ್ಕೆ ಪೂಜೆ.

ಇದನ್ನು ಮರೆತಾಗ ಏನಾಗುತ್ತದೆಂಬುದನ್ನು ಶೂನ್ಯಸಂಪಾದನೆಯಲ್ಲಿ ಬರುವ ಅಲ್ಲಮಪ್ರಭು ಮತ್ತು ಗೋರಕ್ಷನ ಪ್ರಸಂಗ ತಿಳಿಸುತ್ತದೆ. ಗೋರಕ್ಷನು ಯೋಗಬಲದಿಂದ ದೇಹವನ್ನು ವಜ್ರದಂತೆ ಮಾಡಿಕೊಂಡವನು. ಅವನ ಮೇಲೆ ಬಿದ್ದ ಕತ್ತಿ ಖಣಿಲೆಂದಿತು, ರೋಮವೂ ಕೊಂಕಲಿಲ್ಲ. ಪ್ರಭುವಿನ ಮೇಲೆ ಬೀಸಿದ ಕತ್ತಿ ಬಯಲಿನಲ್ಲಿ ಬೀಸಿದಂತೆ ತಡೆಯಿಲ್ಲದೆ ಹಾದುಹೋಯಿತು. ಗಟ್ಟಿಯಾದ ದೇಹದೊಡನೆ ಗಟ್ಟಿಯಾದ ‘ನಾನು’ ಕೂಡ ಉಳಿದಿತ್ತೆಂಬುದು ಗೋರಕ್ಷನಿಗೆ ಆಗ ಅರಿವಾಯಿತು. ಆಸನ ಸಾಧಿಸಿದ ಹೆಮ್ಮೆ ಮನಸ್ಸಿನಲ್ಲಿ ಕುಳಿತರೆ, ಕಾಲು ಮಡಚಿದ್ದಷ್ಟೇ ಲಾಭ. ಶರಣರು ದೇಹವನ್ನು ಹಳಿದವರಲ್ಲ, ಅದನ್ನು ದೇವಾಲಯವೆಂದು ಕಂಡವರು. ದೇವಾಲಯವನ್ನು ಯಾರೂ ಪ್ರದರ್ಶನಕ್ಕೆಂದು ಕಟ್ಟುವುದಿಲ್ಲ, ಯಾರೂ ಅದನ್ನು ಕೆಡವಿ ಒಳಗೆ ಹೋಗುವುದೂ ಇಲ್ಲ.

ಕುಳಿತುಕೊಳ್ಳಲಾಗದವರಿಗೆ

ಹಿರಿಯರ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಮೊಣಕಾಲು ಸವೆದವರು, ಸೊಂಟ ನೋವಿನವರು ಕುರ್ಚಿಯ ಮೇಲೆ ಕುಳಿತು ಪೂಜೆ ಮಾಡಬಹುದು. ಪಾದಗಳೆರಡೂ ನೆಲಕ್ಕೆ ಊರಿರಲಿ. ನಿಲುಕದಿದ್ದರೆ ಕೆಳಗೊಂದು ಮಣೆ ಇಟ್ಟುಕೊಳ್ಳಲಿ. ಬೆನ್ನು ಒರಗದೆ ನೇರವಾಗಿರಲಿ. ಅದೂ ಆಗದಿದ್ದರೆ ಒರಗಲಿ. ಎಡ ಮೊಣಕೈಗೆ ತೊಡೆಯ ಮೇಲೊಂದು ದಿಂಬಿನ ಆಸರೆಯಿದ್ದರೆ ಅಂಗೈ ಅಲುಗುವುದಿಲ್ಲ. ಅಲುಗದೆ, ಹಿತವಾಗಿ ಎಂಬ ಎರಡು ಲಕ್ಷಣಗಳು ಕೂಡಿದರೆ ಅದೇ ಆಸನ. ಹಾಸಿಗೆ ಹಿಡಿದವರೂ ಲಿಂಗವನ್ನು ಎದೆಯ ಮೇಲಿನ ಅಂಗೈಯಲ್ಲಿ ಧರಿಸಿ ಧ್ಯಾನಿಸಬಹುದು. ದೇಹ ಒಪ್ಪದ ಸಂಗತಿಗಾಗಿ ಪೂಜೆಯನ್ನು ಬಿಡಬೇಡಿರೆಂದು ನಾವು ಕೈಮುಗಿದು ಕೇಳಿಕೊಳ್ಳುತ್ತೇವೆ. ಹಿಂದೆ ನೆಲದ ಮೇಲೆ ಗಂಟೆಗಟ್ಟಲೆ ಕುಳಿತವರು ಈಗ ಕುರ್ಚಿಯನ್ನು ಒಪ್ಪಿಕೊಳ್ಳಲು ಬೇಕಾಗುವ ತಾಳ್ಮೆ, ತರುಣನೊಬ್ಬ ಪದ್ಮಾಸನ ಕಲಿಯಲು ಬೇಕಾಗುವ ತಾಳ್ಮೆಗಿಂತ ಕಡಿಮೆಯದಲ್ಲ.

ಮನೆಯವರೂ ಇದರಲ್ಲಿ ಪಾಲುಗೊಳ್ಳಬೇಕು. ಅಜ್ಜ ಅಜ್ಜಿಯರು ಕುರ್ಚಿಯಲ್ಲಿ ಪೂಜೆ ಮಾಡಿದರೆ ನಗುವುದಾಗಲಿ, ಮಕ್ಕಳು ಮಾಡಲಾರದ ಆಸನವನ್ನು ಬಂಧುಗಳ ಮುಂದೆ ಮಾಡಿ ತೋರಿಸೆನ್ನುವುದಾಗಲಿ ಸಲ್ಲದು. ಯೋಗದಿನದ ಸಿದ್ಧತೆ ಮಾಡಿಸುವ ಶಿಕ್ಷಕರೂ ಮಕ್ಕಳ ಪಾದ ಹಿಡಿದು ಎಳೆಯದಿರಲಿ.

ನಮ್ಮ ನೆಲದ ಎರಡು ನಿದರ್ಶನಗಳು

ತಾಳ್ಮೆ ನಮ್ಮ ಮೋಟೆಬೆನ್ನೂರಿನ ಜನಕ್ಕೆ ಹೊಸತಲ್ಲ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಅದರ ಕೀರ್ತಿಯೆಲ್ಲ ಕಡುಗೆಂಪು ಬಣ್ಣದಲ್ಲಿದೆ. ಆ ಬಣ್ಣ ಉಳಿಯುವುದು ಹಣ್ಣಾಗುವವರೆಗೆ ಗಿಡದಲ್ಲಿ ಬಿಟ್ಟು, ಕಿತ್ತು, ಕಣದಲ್ಲಿ ಹರವಿ, ತಿರುವಿ ಹಾಕಿ, ಹದವಾಗಿ ಒಣಗಿಸಿದಾಗ. ದರ ಏರಿದೆಯೆಂದು ಹಸಿಯಿರುವಾಗಲೇ ಚೀಲ ತುಂಬಿದರೆ ಬೂಷ್ಟು ಹಿಡಿಯುತ್ತದೆ. ಬಿಸಿಲಿಗೆ ಬೇಗ ಒಣಗಿಸೆಂದು ಯಾರೂ ಹೇಳಲಾರರು. ಹೊಲಕ್ಕೂ ಕಣಕ್ಕೂ ಸಲ್ಲುವ ಈ ಸೈರಣೆಯನ್ನು ನಮ್ಮದೇ ದೇಹಕ್ಕೂ ಸಲ್ಲಿಸಬೇಕು, ಅಷ್ಟೇ ನಮ್ಮ ಬಿನ್ನಹ.

ಇನ್ನೊಂದು ನಿದರ್ಶನ ನಮ್ಮೂರಿನ ಹೆಮ್ಮೆಯ ಪುತ್ರ ಮೈಲಾರ ಮಹದೇವಪ್ಪನವರದು. 1911ರ ಜೂನ್ 8ರಂದು ಮೋಟೆಬೆನ್ನೂರಿನಲ್ಲಿ ಹುಟ್ಟಿದ ಅವರು ತಮ್ಮ ಹದಿನೆಂಟನೆಯ ವಯಸ್ಸಿನಲ್ಲಿ ಮಹಾತ್ಮ ಗಾಂಧೀಜಿಯವರ ದಂಡಿಯಾತ್ರೆಯಲ್ಲಿ ಹೆಜ್ಜೆ ಹಾಕಿದರು. 1930ರ ಮಾರ್ಚ್ 12ರಂದು ಸಾಬರಮತಿಯಿಂದ ಹೊರಟ ಆ ಯಾತ್ರೆ ಸುಮಾರು 385 ಕಿಲೋಮೀಟರ್ ದಾರಿಯನ್ನು 24 ದಿನಗಳಲ್ಲಿ ಕ್ರಮಿಸಿತು. ಸರಾಸರಿ ಲೆಕ್ಕದಲ್ಲಿ ದಿನಕ್ಕೆ 16 ಕಿಲೋಮೀಟರ್. ಸೋಮವಾರಗಳಂದು ನಡಿಗೆಗೆ ಬಿಡುವಿತ್ತು. ಒಂದೇ ಸಮನೆ ಓಡಿ ಮುಟ್ಟುವ ಆತುರ ಅಲ್ಲಿರಲಿಲ್ಲ. ನಿತ್ಯದ ನಡಿಗೆ, ನಿಯತವಾದ ವಿಶ್ರಾಂತಿ, ಬಿಡದ ಗುರಿ ಇದ್ದವು. ಅಭ್ಯಾಸಕ್ಕೆ ಬೇಕಾದವೂ ಇವೇ ಮೂರು. ಹೀಗೆ ಹೆಜ್ಜೆಯಿಟ್ಟು ಕಲಿತವರು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ನಾಡಿಗಾಗಿ ಪ್ರಾಣ ಕೊಟ್ಟರು. ತಾಳ್ಮೆಯೆಂದರೆ ಕೈಕಟ್ಟಿ ಕುಳಿತುಕೊಳ್ಳುವುದು ಎಂದು ಭಾವಿಸುವವರಿಗೆ ಅವರ ಬದುಕೇ ಉತ್ತರ.

ತರುಣರು ಕೇಳುವ ಪ್ರಶ್ನೆಗೆ, ಎಷ್ಟು ದಿನಕ್ಕೆ ಬರುತ್ತದೆ ಎಂಬುದಕ್ಕೆ, ನಾವು ಕೊಡಬಲ್ಲ ಉತ್ತರ ಇಷ್ಟು: ನಾಳೆ ಬೆಳಗ್ಗೆ ಸ್ನಾನವಾದ ಮೇಲೆ ಕಂಬಳಿಯೊಂದನ್ನು ಮಡಚಿ ಹಾಸಿರಿ. ವಿಭೂತಿ ಧರಿಸಿ, ಬಂದಷ್ಟರಲ್ಲಿ ಕಾಲು ಮಡಚಿ ಕುಳಿತು, ಹತ್ತು ನಿಮಿಷ ಇಷ್ಟಲಿಂಗವನ್ನು ನೋಡಿರಿ. ನಾಡಿದ್ದೂ ಹಾಗೆಯೇ ಮಾಡಿರಿ. ದಿನಗಳನ್ನು ಎಣಿಸುವುದನ್ನು ಮರೆತ ದಿನ ಆಸನ ಬಂದಿರುತ್ತದೆ, ಇಲ್ಲವೇ ಅದು ಬರಲೇಬೇಕೆಂಬ ತವಕ ಹೋಗಿರುತ್ತದೆ. ಎರಡರಲ್ಲಿ ಯಾವುದಾದರೂ ಲಿಂಗಪೂಜೆಗೆ ಸಾಕು.